ಎದ್ದು ಹೋದವರನ್ನು ಮರಳಿ ಕರೆಯದ ಕಾರು ಮಳಿಗೆಗೆ

ಮಾನ್ಯ ವ್ಯವಸ್ಥಾಪಕರು, ಆನ್‌ಲೈನ್ ಮಾರಾಟ ತಂಡ, ಕೊಪ್ಪಳ ಇವರಿಗೆ. (ಇದು ಪತ್ರಿಕೆಯಲ್ಲಿ ಅಚ್ಚಾಗುವ ಬಹಿರಂಗ ಪತ್ರವಾದ್ದರಿಂದ, ಮಳಿಗೆಯ ಹೆಸರನ್ನು ಬರೆದರೆ ದೂರು ಹೋಗಿ ಜಾಹೀರಾತಾದೀತು ಎಂಬ ಅಂಜಿಕೆಯಿಂದ ಬಿಟ್ಟಿದ್ದೇನೆ. ಓದಿದಾಗ ತಮ್ಮದೇ ಎಂದು ತಮಗೆ ತಿಳಿಯುತ್ತದೆ.)

ಮಾನ್ಯರೇ,

ತಮಗೂ, ತಮ್ಮ ಗಾಜಿನ ಗೋಡೆಯ ಹಿಂದೆ ನಮ್ಮೂರಿನ ಬಿಸಿಲು ಸೋಕದಂತೆ ನಿಂತಿರುವ ಕಾರುಗಳಿಗೂ, ಅವನ್ನು ಕುಳಿತಲ್ಲಿಂದಲೇ ನಾಲ್ಕು ತಾಲ್ಲೂಕುಗಳಿಗೆ ಮಾರುವ ತಮ್ಮ ತಂಡದವರಿಗೂ ಭಾಗ್ಯನಗರದ ಒಬ್ಬ ಹಿರಿಯ ನಾಗರಿಕನ ಸವಿನಯ ವಂದನೆಗಳು. ಕಳೆದ ಏಪ್ರಿಲ್ ತಿಂಗಳ ಕಡೆಯ ದಿನ, ಮಧ್ಯಾಹ್ನದ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡ ಮೇಲೆ, ನಾನು ತಮ್ಮೊಡನೆ ಬೆಲೆ ಕುದುರದೆ ಎದ್ದು ಹೋದೆ. ತಾವು ನನ್ನನ್ನು ಮರಳಿ ಕರೆಯಲಿಲ್ಲ. ನನ್ನ ದೂರು ಇಷ್ಟೇ. ಮುಂದೆ ಬರುವುದೆಲ್ಲ ಅದರ ವಿವರಣೆ.

ಮೊದಲು ನನ್ನ ಪರಿಚಯ. ನಾನು ನಿವೃತ್ತ ಗ್ರಂಥಪಾಲಕ. ನನಗೆ ಕಾರು ನಡೆಸಲು ಬರುವುದಿಲ್ಲ, ನನ್ನ ಹೆಸರಿನಲ್ಲಿ ಯಾವ ಕಾರೂ ಇಲ್ಲ, ಹಿಂದೆಯೂ ಇರಲಿಲ್ಲ. ಆದರೂ ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿದ್ದ ಕಾಲದಿಂದ ಈ ಭಾಗದಲ್ಲಿ ಯಾರೇ ಗಾಡಿ ಕೊಳ್ಳಲು ಹೊರಟರೂ ಜೊತೆಗೆ ನನ್ನನ್ನು ಕರೆದುಕೊಂಡು ಹೋಗುವುದು ರೂಢಿ. ಹೆಣ್ಣು ನೋಡಲು ಹೋಗುವವರು ಮನೆತನದ ಒಬ್ಬ ಹಿರಿಯನನ್ನು ಮುಂದಿಟ್ಟುಕೊಂಡು ಹೋಗುವುದಿಲ್ಲವೇ, ಹಾಗೆ. ಮೊದಲ ಸಲ ನನ್ನನ್ನು ಕರೆದುಕೊಂಡು ಹೋದವನು ಗಂಗಾವತಿಯ ಅಕ್ಕಿ ವ್ಯಾಪಾರಿ ಪ್ರಭುರಾಜ. ಜೀಪಿನ ಜೊತೆ ಕೊಟ್ಟ ಇಂಗ್ಲಿಷ್ ಪುಸ್ತಕವನ್ನು ಓದಿ ಹೇಳಲು ಒಬ್ಬರು ಬೇಕಿತ್ತು, ಗ್ರಂಥಾಲಯದಲ್ಲಿ ಕುಳಿತವನು ಎಲ್ಲ ಪುಸ್ತಕವನ್ನೂ ಓದಿರುತ್ತಾನೆ ಎಂಬ ಉದಾರ ನಂಬಿಕೆ ಅವನಿಗಿತ್ತು. ನಾನು ಆ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ಗಂಭೀರವಾಗಿ ತಿರುವಿ, ಚಕ್ರದ ಗಾಳಿಯ ಬಗ್ಗೆ ಒಂದು ಪ್ರಶ್ನೆ ಕೇಳಿದೆ. ಆ ಒಂದು ಪ್ರಶ್ನೆಯ ಬಲದ ಮೇಲೆ ನನ್ನ ಇಡೀ ವೃತ್ತಿಜೀವನ ನಿಂತಿತು. ಅಂದಿನಿಂದ ಕುಷ್ಟಗಿಯ ದಾಳಿಂಬೆ ಬೆಳೆಗಾರರು, ಯಲಬುರ್ಗಾದ ಕಚೇರಿ ನೌಕರರು, ನಮ್ಮ ಭಾಗ್ಯನಗರದ ಮಗ್ಗದ ಮನೆಗಳವರು ಎಲ್ಲರೂ, 'ಕೊಟ್ರಬಸಪ್ಪನವರು ಬಂದ್ರ ಚಿಂತಿಲ್ಲ' ಎನ್ನತೊಡಗಿದರು. ಬಂದು ನಾನು ಏನು ಮಾಡುತ್ತಿದ್ದೆ ಎಂಬುದನ್ನು ಯಾರೂ ವಿಚಾರಿಸಲಿಲ್ಲ. ಈಗ ತಮ್ಮೆದುರು ಮುಚ್ಚಿಡುವುದೇನು? ಕಾರಿನ ಸುತ್ತ ಬಲಗಡೆಯಿಂದ ಒಂದು ಸುತ್ತು ಬರುತ್ತಿದ್ದೆ. ಬಾನೆಟ್ಟಿನ ಮೇಲೆ ಬೆರಳಿನಿಂದ ಬಡಿದು, ಹಲಸಿನ ಹಣ್ಣು ಬಲಿತಿದೆಯೋ ಇಲ್ಲವೋ ಎಂದು ನೋಡುವವನಂತೆ ಕಿವಿಗೊಡುತ್ತಿದ್ದೆ. ಟೈರನ್ನು ಪಾದದಿಂದ ಒತ್ತುತ್ತಿದ್ದೆ. ಬಾಗಿಲನ್ನು ತೆರೆದು ಹಾಕಿ, ಆ ಸದ್ದಿನ ಬಗ್ಗೆ ಏನನ್ನೂ ಹೇಳದೆ ನಿಟ್ಟುಸಿರು ಬಿಡುತ್ತಿದ್ದೆ. ಈ ನಿಟ್ಟುಸಿರಿಗೆ ಎಷ್ಟೋ ಮಾರಾಟಗಾರರು ಬೆವೆತದ್ದನ್ನು ಕಣ್ಣಾರೆ ಕಂಡಿದ್ದೇನೆ.

ಆದರೆ ಇವೆಲ್ಲ ಪೀಠಿಕೆ. ನನ್ನ ನಿಜವಾದ ವಿದ್ಯೆ ಎದ್ದು ಹೋಗುವುದು. ಬೆಲೆಯ ಮಾತು ಬಂದು, ಅವರು ಇಷ್ಟು ಎಂದು, ನಾವು ಅಷ್ಟು ಎಂದು, ಮಾತು ಕಗ್ಗಂಟಾದಾಗ, ನಾನು ಚಹಾದ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟು, ಶಲ್ಯವನ್ನು ಹೆಗಲಿಗೆ ಹಾಕಿ, 'ಹಂಗಾರ ನಾವು ಬರ್ತೀವ್ರಿ' ಎಂದು ಏಳುತ್ತಿದ್ದೆ. ಅರ್ಧ ಚಹಾ ಬಿಟ್ಟಿದ್ದು ಮರಳಿ ಬರುವ ಮನಸ್ಸಿದೆ ಎಂಬುದರ ಗುರುತು, ಬಾಗಿಲಲ್ಲಿ ಚಪ್ಪಲಿ ಹುಡುಕಲು ತಡಮಾಡುವುದು ಎದುರಿನವರಿಗೆ ಕೊಡುವ ಕಾಲಾವಕಾಶ. ಹೊಸಪೇಟೆಯ ಹಳೆಯ ಮಳಿಗೆಯೊಂದರಲ್ಲಿ ಯಮನೂರಪ್ಪ ಎಂಬ ಮಾರಾಟಗಾರರಿದ್ದರು. ನಾನು ಎಡಗಾಲಿನ ಚಪ್ಪಲಿ ಮೆಟ್ಟುವ ತನಕ ಸುಮ್ಮನಿದ್ದು, ಬಲಗಾಲು ಎತ್ತಿದ ಕೂಡಲೇ, 'ಯಜಮಾನ್ರ, ಬರ್ರಿ ಇಲ್ಲಿ, ಸಿಟ್ಟ್ಯಾಕ ಮಾಡ್ಕೋತೀರಿ, ಕುಂದರ್ರಿ' ಎಂದು ಅವರು ಕರೆಯುತ್ತಿದ್ದ ಆ ದನಿಯನ್ನು ನಾನು ಸಾಯುವವರೆಗೆ ಮರೆಯಲಾರೆ. ಒಳಗೆ ಮರಳಿ ಬರುವಾಗ ನನ್ನ ಹಿಂದಿದ್ದವರ ಮುಖ ನೋಡಬೇಕಿತ್ತು. ಬೆಲೆ ಎಷ್ಟು ಇಳಿಯಿತು ಎಂಬುದು ಮುಖ್ಯವಲ್ಲ, ಇಳಿಯಿತು ಎಂಬುದು ಮುಖ್ಯ. ಇದಕ್ಕೆ ನನಗೆ ಯಾರೂ ಏನನ್ನೂ ಕೊಟ್ಟವರಲ್ಲ, ನಾನೂ ಕೇಳಿದವನಲ್ಲ. ಹೊಸ ಗಾಡಿಯನ್ನು ಹೇಮಗುಡ್ಡದ ದುರ್ಗಮ್ಮನ ಗುಡಿಗೆ ಪೂಜೆಗೆ ಒಯ್ಯುವಾಗ ಮುಂದಿನ ಸೀಟು ನನ್ನದಾಗುತ್ತಿತ್ತು. ಮಾಲೀಕರ ಹೆಂಡತಿ ಹಿಂದೆ ಕುಳಿತುಕೊಳ್ಳುತ್ತಿದ್ದಳು.

ಹೀಗಿರುವಾಗ ತಾವು ಬಂದಿರಿ. ತಾವು ಈ ತಂಡವನ್ನು ಕಟ್ಟಿದ ರೀತಿಯನ್ನು ಹೊಗಳದಿದ್ದರೆ ನನ್ನ ನಾಲಿಗೆಗೆ ಹುಳ ಬಿದ್ದೀತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಒಂದೊಂದಕ್ಕೂ ಒಬ್ಬೊಬ್ಬರನ್ನು ನೇಮಿಸಿ, ಆಯಾ ತಾಲ್ಲೂಕಿನವರನ್ನೇ ಆರಿಸಿ, ಕಿವಿಗೆ ತಂತಿ ಸಿಕ್ಕಿಸಿ, ಮಹಡಿಯ ಮೇಲೆ ಸಾಲಾಗಿ ಕೂರಿಸಿದ್ದೀರಿ. ಯಾರಾದರೂ ಹೊಲದ ಬದುವಿನ ಮೇಲೆ ನಿಂತು ಮೊಬೈಲಿನಲ್ಲಿ ಒಂದು ಕಾರಿನ ಚಿತ್ರವನ್ನು ಒತ್ತಿದರೆ ಸಾಕು, ಅವರ ಊರಿನ ಮಾತನ್ನೇ ಆಡುವ ದನಿಯೊಂದು ಅವರನ್ನು ಹುಡುಕಿಕೊಂಡು ಬರುತ್ತದೆ. ಕಾರನ್ನು ವಿಡಿಯೋದಲ್ಲಿ ತೋರಿಸುತ್ತೀರಿ, ನಡೆಸಿ ನೋಡಲು ಮನೆ ಬಾಗಿಲಿಗೇ ಕಳಿಸುತ್ತೀರಿ. ಎಲ್ಲಕ್ಕಿಂತ ಹೆಚ್ಚಾಗಿ, ಗಂಗಾವತಿಯ ಗಿರಣಿ ಮಾಲೀಕರಿಗೂ ಯಲಬುರ್ಗಾದ ಮಾಸ್ತರರಿಗೂ ಒಂದೇ ಬೆಲೆ ಹೇಳುತ್ತೀರಿ, ಅದರಲ್ಲೂ ಕೊನೆಯ ಬೆಲೆಯನ್ನು ಮೊದಲೇ ಹೇಳುತ್ತೀರಿ. ನನ್ನ ಅಲ್ಪ ತಿಳುವಳಿಕೆಯಲ್ಲಿ ಇದು ಅತಿಥಿ ಚಪ್ಪಲಿ ಬಿಡುವ ಮುನ್ನವೇ ಎಲೆಅಡಿಕೆ ಕೊಟ್ಟು ಕಳಿಸಿದಂತೆ. ಆದರೆ ತಮ್ಮ ಪ್ರಾಮಾಣಿಕತೆಯನ್ನು ಪ್ರಶ್ನಿಸಲು ನಾನು ಯಾರು? ಪ್ರಾಮಾಣಿಕತೆಯ ವಿರುದ್ಧ ದೂರು ಕೊಡಲು ಗ್ರಾಹಕರ ವೇದಿಕೆಯಲ್ಲಿ ಅವಕಾಶವಿಲ್ಲವೆಂದು ವಿಚಾರಿಸಿ ತಿಳಿದುಕೊಂಡಿದ್ದೇನೆ.

ಈಗ ಆ ದಿನದ ಮಾತು. ನನ್ನ ತಂಗಿಯ ಮಗಳು ಲಲಿತಾ ಯಲಬುರ್ಗಾದ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ, ಕೊಪ್ಪಳದಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಹೋಗಿ ಬರುತ್ತಾಳೆ ಎಂದು ಬರೆಯುವುದು ಸುಲಭ. ಹೋಗುವಾಗ ನಿಂತು ಹೋಗುತ್ತಾಳೆ, ಬರುವಾಗ ಸಂಜೆಯ ಬಸ್ಸು ಬಂದರೆ ಬರುತ್ತಾಳೆ. ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವುದರೊಳಗೆ ತನ್ನದೇ ಕಾರಿನಲ್ಲಿ ಹೋಗಬೇಕೆಂದು ಹಟ ಹಿಡಿದು ನಡೆಸುವುದನ್ನು ಕಲಿತಳು, ಲೈಸೆನ್ಸ್ ಮಾಡಿಸಿದಳು, ಉಳಿಸಿದ್ದರಲ್ಲಿ ಲೆಕ್ಕ ಹಾಕಿ ಒಂದು ಸಣ್ಣ ಕಾರನ್ನು ಆರಿಸಿಕೊಂಡಳು. ತಮ್ಮ ಯಲಬುರ್ಗಾ ಕುರ್ಚಿಯ ಭವಾನಿಯವರೊಡನೆ ಮಾತೆಲ್ಲ ಮುಗಿದಿತ್ತು. ತಿಂಗಳ ಕೊನೆಯ ರಿಯಾಯಿತಿಯಲ್ಲಿ ಆ ಬಗೆಯ ಕಾರು ಒಂದೇ ಉಳಿದಿದೆ, ಸಂಜೆ ಐದರೊಳಗೆ ಒಪ್ಪಿಗೆ ಹೇಳಿದರೆ ಅದು ಲಲಿತಾಳದು, ಇಲ್ಲವಾದರೆ ಸಾಲಿನಲ್ಲಿ ಹಿಂದಿರುವವರದು ಎಂದು ಭವಾನಿ ಮೊದಲೇ ತಿಳಿಸಿದ್ದರು. ಒಪ್ಪಿಗೆ ಹೇಳುವ ಮುನ್ನ ಲಲಿತಾ ಫೋನು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಯಾಕೆಂದರೆ ಸೋದರಮಾವ ಇರುವಾಗ ಅವನನ್ನು ಬಿಟ್ಟು ಗಾಡಿ ಕೊಳ್ಳುವುದು ನಮ್ಮಲ್ಲಿ ಚಂದವಲ್ಲ. ಆದರೆ ಬಂದವಳು ಹೇಳಿದ ಮಾತು ಮಾತ್ರ ನೇರವಾಗಿತ್ತು.

"ಮಾಮಾ, ಮಾತೆಲ್ಲಾ ಮುಗದೈತಿ. ನೀವು ಸುಮ್ನ ಬಾಜೂಕ ಕುಂತ್ರ ಸಾಕು."

ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಶಲ್ಯ ಹಾಕಿಕೊಂಡು ಕುಳಿತೆ. ಹಿಟ್ಟಿನ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ಕಾರು ಕಾಣಿಸಿತು. ಸುತ್ತು ಬರುವ ಭಾಗ್ಯ ನನಗಿರಲಿಲ್ಲ, ಭವಾನಿಯವರೇ ಕಾರಿನ ಸುತ್ತ ಬಂದರು, ಅದೂ ಎಡಗಡೆಯಿಂದ. ಬಾನೆಟ್ಟಿನ ಮೇಲೆ ಬಡಿಯಲು ಹೇಳಿದೆ, ಆ ತಾಯಿ ಬೇಸರವಿಲ್ಲದೆ ಬಡಿದಳು, ಸದ್ದು ಮಾತ್ರ ನನ್ನವರೆಗೆ ಬರಲಿಲ್ಲ. ಟೈರು ಒತ್ತಲು ಹೇಳಿದೆ, ಒತ್ತಿದಳು. ನಾನು ನಿಟ್ಟುಸಿರು ಬಿಟ್ಟೆ. ಸರ್, ನಿಮ್ಮ ಕಡೆ ಗಾಳಿ ಸದ್ದು ಬರತೈತಿ ಎಂದಳು. ನಾನು ಇಷ್ಟಕ್ಕೇ ಎಚ್ಚೆತ್ತುಕೊಳ್ಳಬೇಕಿತ್ತು. ಎಚ್ಚೆತ್ತುಕೊಳ್ಳುವ ಬದಲು ಬೆಲೆಯ ಮಾತೆತ್ತಿದೆ. ಲಲಿತಾ ಮೇಜಿನ ಕೆಳಗೆ ನನ್ನ ಮೊಣಕಾಲು ತಟ್ಟಿದಳು. ಇದು ಉತ್ತೇಜನವೆಂದು ತಿಳಿದೆ. ಇನ್ನೂ ಸ್ವಲ್ಪ ಇಳಿಸಬೇಕೆಂದು ಕೇಳಿದ್ದಕ್ಕೆ ಭವಾನಿ, ಇಳಿಸುವುದನ್ನೆಲ್ಲ ಇಳಿಸಿಯೇ ಹೇಳಿದ್ದಾಗಿದೆ, ಇದಕ್ಕಿಂತ ಕೆಳಗೆ ಏನೂ ಇಲ್ಲ ಎಂದು ಬಹಳ ಮರ್ಯಾದೆಯಿಂದ ಹೇಳಿದರು. ಏನೂ ಇಲ್ಲ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಇಷ್ಟು ವರ್ಷಗಳ ಅಭ್ಯಾಸ ನನ್ನ ಕಾಲುಗಳಲ್ಲಿ ತಾನಾಗಿ ಎದ್ದಿತು. ಚಹಾದ ಲೋಟವನ್ನು ಅರ್ಧಕ್ಕೆ ಇಟ್ಟೆ. 'ಹಂಗಾರ ನಾವು ಬರ್ತೀವ್ರಿ' ಎಂದೆ. ಎದ್ದು ಹೋಗಲು ಬೇರೆ ದಾರಿ ಕಾಣದೆ, ಕರೆ ಕಡಿಯುವ ಆ ಕೆಂಪು ಗುಂಡಿಯನ್ನು ಒತ್ತಿದೆ. ಆಮೇಲೆ ಲಲಿತಾ ಕೈ ಚಾಚುವುದನ್ನು ಕಂಡು ಫೋನನ್ನು ಎತ್ತಿ ನನ್ನ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೆ.

ನಾವೇ ಮತ್ತೆ ಫೋನ್ ಮಾಡಿದರೆ ಆಟ ಕೆಡುತ್ತದೆ, ಅವರೇ ಮಾಡುತ್ತಾರೆ, ಚಪ್ಪಲಿ ಮೆಟ್ಟುವಷ್ಟು ಹೊತ್ತು ತಡೆದುಕೋ ಎಂದು ಅವಳಿಗೆ ತಿಳಿಹೇಳಿದೆ. ಚಪ್ಪಲಿ ಮೆಟ್ಟುವಷ್ಟು ಹೊತ್ತಾಯಿತು. ಆ ಹೊತ್ತಿನಲ್ಲಿ ಒಂದು ಊರಿಗೆಲ್ಲ ಚಪ್ಪಲಿ ಹೊಲಿಯಬಹುದಿತ್ತು. ಮನೆಯೊಳಗೆ ಸಿಗ್ನಲ್ ಸರಿಯಿಲ್ಲವೆಂದು ಮಾಳಿಗೆ ಹತ್ತಿ ಬಿಸಿಲಿನಲ್ಲಿ ನಿಂತೆ. ಲಲಿತಾ ಮೆಟ್ಟಿಲ ಕೆಳಗೆ ನಿಂತು, ಐದಕ್ಕ ಮುಗಿತೈತಿ ಮಾಮಾ, ಫೋನ್ ಕೊಡ್ರಿ ಎಂದು ಕೇಳಿದಳು. ನಾನು ಮಾರಾಟಗಾರರ ಮನಸ್ಸಿನ ಬಗ್ಗೆ ಓದಿದ್ದನ್ನೆಲ್ಲ ಅವಳಿಗೆ ಮೇಲಿನಿಂದಲೇ ಹೇಳುತ್ತಿದ್ದೆ. ಸೋದರಮಾವನ ಕಿಸೆಗೆ ಕೈ ಹಾಕಲು ಅವಳನ್ನು ಬೆಳೆಸಿದ ರೀತಿ ಬಿಡಲಿಲ್ಲ. ನನ್ನ ಹೆಂಡತಿ ಪಾರ್ವತೆಮ್ಮ ಒಳಗಿನಿಂದ ಒಂದೇ ಮಾತು ಹೇಳಿದಳು.

"ಮದುವಿ ಮನ್ಯಾಗ ಸಿಟ್ಟು ಮಾಡಿ ಹೊರಗ ಹೋದ ಬೀಗರಂಗ ನಿಂತಾರ ನೋಡು. ಊಟ ಮುಗದು ಮಂದಿ ಎದ್ದು ಹೋದ್ರೂ ಇವರಿಗೆ ಗೊತ್ತಾಗಂಗಿಲ್ಲ."

ಐದು ಕಳೆದ ಮೇಲೆ ಕಿಸೆಯಲ್ಲಿ ಸದ್ದಾಯಿತು. ಬಂದದ್ದು ಕರೆಯಲ್ಲ, ಸಂದೇಶ. ಲಲಿತಾ ಅವರೇ, ತಮ್ಮ ಆಸಕ್ತಿಗೆ ಧನ್ಯವಾದಗಳು, ತಮ್ಮ ವಿಚಾರಣೆಯನ್ನು ಮುಕ್ತಾಯಗೊಳಿಸಲಾಗಿದೆ, ತಮ್ಮ ದಿನ ಶುಭವಾಗಿರಲಿ ಎಂದು ಬರೆದು ಕೊನೆಯಲ್ಲಿ ಒಂದು ಹೂವಿನ ಚಿತ್ರ ಹಾಕಿದ್ದಿರಿ. ಫೋನನ್ನು ಅವಳ ಕೈಗೆ ಕೊಟ್ಟೆ. ಅವಳು ತಕ್ಷಣ ಭವಾನಿಯವರಿಗೆ ಫೋನ್ ಮಾಡಿದಳು. ಕಾರು ಕುಷ್ಟಗಿಯವರೊಬ್ಬರ ಪಾಲಾಗಿತ್ತು. ನಾನು ಎದ್ದು ಹೋದಾಗ ಆ ಹುಡುಗಿ ಏನಂದುಕೊಂಡಳಂತೆ ಎಂದು ಕೇಳಿದೆ, ಎಷ್ಟಾದರೂ ವೃತ್ತಿಯ ಕುತೂಹಲ. ಲಲಿತಾ ನನ್ನ ಮುಖ ನೋಡದೆ ಹೇಳಿದಳು.

"ಮಾಮಾ, ನೀವು ಎದ್ದು ಹೋಗಿದ್ದು ಅವರಿಗೆ ಕಾಣಲೇ ಇಲ್ಲ. ಫೋನ್ ಕಟ್ ಆತು, ಅಷ್ಟ."

ಮಾನ್ಯರೇ, ಈ ಮಾತನ್ನು ತಾವು ಒಮ್ಮೆ ನನ್ನ ಜಾಗದಲ್ಲಿ ಕುಳಿತು ಕೇಳಬೇಕು. ಯಮನೂರಪ್ಪನವರಂಥವರು ಕುರ್ಚಿಯಿಂದ ಎದ್ದು ಬಂದು ಕೈ ಹಿಡಿದು ಕೂರಿಸುತ್ತಿದ್ದ ಮನುಷ್ಯ ನಾನು. ನನ್ನ ನಿರ್ಗಮನವನ್ನು ನೆಟ್‌ವರ್ಕ್ ತೊಂದರೆಯ ಜೊತೆ ಸೇರಿಸಿದಿರಲ್ಲ!

ಮರುದಿನ ತಮ್ಮ ಮಳಿಗೆಗೆ ಬಂದವನು ನಾನೇ. ತಮಗೆ ನೆನಪಿರಲಾರದು, ನನಗೆ ಎಲ್ಲವೂ ನೆನಪಿರುತ್ತದೆ. ತಾವು ಎದ್ದು ನಿಂತು ನಮಸ್ಕರಿಸಿ, ಬೆಲೆಯ ಮಾತಿನ ನಡುವೆ ಯಾವ ಕಾರಣಕ್ಕೇ ಕರೆ ಕಡಿದುಹೋದರೂ ಗ್ರಾಹಕರನ್ನು ನಾವಾಗಿ ಮತ್ತೆ ಕಾಡಬಾರದೆಂದು ತಂಡಕ್ಕೆ ನಿಯಮ ಮಾಡಿದ್ದೇವೆ, ಅದರಲ್ಲೂ ಹಿರಿಯರಿಗೆ ತೊಂದರೆ ಕೊಡುವುದು ಸಭ್ಯತೆಯಲ್ಲ ಎಂದು ವಿವರಿಸಿದಿರಿ. ಈ ವಯಸ್ಸಿನಲ್ಲಿ ನನಗೆ ಇಷ್ಟು ಗೌರವ ಬೇರೆಲ್ಲೂ ಸಿಕ್ಕಿಲ್ಲ, ಯಾವ ಅವಮಾನವೂ ಇಷ್ಟು ನಾಟಿಲ್ಲ. ತಾವು ತರಿಸಿದ ಚಹಾವನ್ನು ಅರ್ಧ ಕುಡಿದು ಎದ್ದೆ. ನಿಧಾನವಾಗಿ ನಡೆದೆ. ತಮ್ಮ ಗಾಜಿನ ಬಾಗಿಲು ನಾನು ಹತ್ತಿರ ಬಂದದ್ದಕ್ಕೆ ತಾನಾಗಿ ತೆರೆಯಿತು, ದಾಟಿದ್ದಕ್ಕೆ ತಾನಾಗಿ ಮುಚ್ಚಿತು. ತಮ್ಮಲ್ಲಿ ಚಪ್ಪಲಿ ಬಿಡುವ ಪದ್ಧತಿಯೂ ಇಲ್ಲದ್ದರಿಂದ ತಡಮಾಡಲು ನೆಪವಿರಲಿಲ್ಲ. ಗೇಟಿನವರೆಗೆ ಬಂದಾಗ ಹಿಂದಿನಿಂದ, 'ಯಜಮಾನ್ರ' ಎಂಬ ಕೂಗು ಕೇಳಿಸಿತು. ಎದೆ ಹಿಗ್ಗಿ, ತಕ್ಷಣ ತಿರುಗಬಾರದೆಂಬ ಶಾಸ್ತ್ರ ನೆನಪಾಗಿ, ಇನ್ನೆರಡು ಹೆಜ್ಜೆ ಇಟ್ಟು ತಿರುಗಿದೆ. ಕರೆದವರು ತಮ್ಮ ಕಾವಲುಗಾರ ಪಕ್ಕೀರಪ್ಪ.

"ಏನರ ಒಳಗ ಬಿಟ್ಟು ಬಂದೀರೇನ್ರಿ? ಹಂಗ ಹೊಳ್ಳಿ ಹೊಳ್ಳಿ ನೋಡಾಕ ಹತ್ತೀರಿ."

ಆ ಪುಣ್ಯಾತ್ಮನಿಗೆ ಏನೂ ಇಲ್ಲವೆಂದು ಹೇಳಿ ಬಂದೆ. ಇಷ್ಟೆಲ್ಲ ಆದಮೇಲೆ ನನ್ನ ಕೆಲವು ಬೇಡಿಕೆಗಳನ್ನು ತಮ್ಮ ಮುಂದಿಡಲು ಅಪ್ಪಣೆಯಾಗಲಿ. ತಮ್ಮ ತಂಡದ ನಾಲ್ಕು ಕುರ್ಚಿಗಳ ಪಕ್ಕ ಐದನೆಯದೊಂದನ್ನು ಹಾಕಿಸಿ, ಎದ್ದು ಹೋದವರನ್ನು ಮರಳಿ ಕರೆಯುವುದಕ್ಕೆಂದೇ ಒಬ್ಬರನ್ನು ನೇಮಿಸಬೇಕು. ಅವರಿಗೆ ಕಾರಿನ ಜ್ಞಾನ ಬೇಕಿಲ್ಲ, ದನಿ ಚೆನ್ನಾಗಿದ್ದರೆ ಸಾಕು. ಆದರೆ ತಾಲ್ಲೂಕುಗಳ ಪದ್ಧತಿ ತಿಳಿದಿರಬೇಕು: ಗಂಗಾವತಿಯವರು ಹೊರಗೆ ಹೋಗಿ ತಮ್ಮ ಹಳೆಯ ಗಾಡಿಯಲ್ಲಿ ಕುಳಿತ ಮೇಲೆ ಕರೆಯಬೇಕು, ಕುಷ್ಟಗಿಯವರನ್ನು ಹೊಸ್ತಿಲಲ್ಲೇ ತಡೆಯಬೇಕು, ಯಲಬುರ್ಗಾದವರು ನೇರ ಬಸ್ ನಿಲ್ದಾಣಕ್ಕೆ ಹೋಗುವುದರಿಂದ ಬಸ್ಸು ಬರುವ ಮುನ್ನ ಹಿಡಿಯಬೇಕು. ನಮ್ಮ ಕೊಪ್ಪಳದವರು ಎಲ್ಲಿಗೂ ಹೋಗುವುದಿಲ್ಲ, ಎದುರಿನ ಚಹಾದಂಗಡಿಯಲ್ಲೇ ಇರುತ್ತಾರೆ. ಕೆಂಪು ಗುಂಡಿಯ ಪಕ್ಕದಲ್ಲಿ ಇನ್ನೊಂದು ಗುಂಡಿಯನ್ನು ಅಳವಡಿಸಿ, ಅದನ್ನು ಒತ್ತಿದರೆ 'ಸಿಟ್ಟಿನಿಂದ ಎದ್ದಿದ್ದೇನೆ, ಆದರೆ ಬಾಗಿಲ ಹತ್ತಿರವೇ ಇದ್ದೇನೆ' ಎಂದು ತಮಗೆ ತಿಳಿಯುವಂತೆ ಮಾಡಬೇಕು. ಭವಾನಿಯವರಿಗೆ ಮೊದಲ ಬೆಲೆಯನ್ನು ಸ್ವಲ್ಪ ಸುಳ್ಳು ಬೆರೆಸಿ ಹೇಳುವ ತರಬೇತಿ ಕೊಡಿಸಬೇಕು, ಸುಳ್ಳಿನ ಆ ಭಾಗವನ್ನು ಆಮೇಲೆ ನನ್ನ ಮುಖ ನೋಡಿ ಕಳೆಯಬಹುದು. ಅದರಿಂದ ತಮಗೆ ಒಂದು ಪೈಸೆಯ ನಷ್ಟವಿಲ್ಲ, ನನಗೆ ಒಂದು ಜನ್ಮದ ಲಾಭ.

ಕೊನೆಯದು, ಎಲ್ಲಕ್ಕಿಂತ ದೊಡ್ಡ ಬೇಡಿಕೆ. ಶಾಲೆ ತೆರೆಯಿತು. ಲಲಿತಾ ಈಗಲೂ ಬಸ್ಸಿನಲ್ಲಿ ನಿಂತು ಯಲಬುರ್ಗಾಕ್ಕೆ ಹೋಗುತ್ತಾಳೆ. ಅದೇ ಬಗೆಯ ಇನ್ನೊಂದು ಕಾರಿಗೆ ರಿಯಾಯಿತಿಯಿಲ್ಲದೆ, ತನಗೆ ಬೇಕಾದ ಬಣ್ಣವಲ್ಲದಿದ್ದರೂ ಒಪ್ಪಿಕೊಂಡು, ಯಾರನ್ನೂ ಬಾಜೂಕೆ ಕೂರಿಸಿಕೊಳ್ಳದೆ ತಾನೇ ಹೇಳಿಟ್ಟಿದ್ದಾಳೆ. ನನಗೆ ತಿಳಿದದ್ದು ಪಾರ್ವತೆಮ್ಮನ ಮೂಲಕ. ಕಾರು ಬಂದ ಮೇಲೆ ಪೇಡೆ ಕೊಡಲು ಬರುತ್ತೇನೆಂದು ಮಾಮಾನಿಗೆ ಹೇಳಿ ಎಂದಳಂತೆ. ಅಂದರೆ ಕೊಳ್ಳುವ ಮುನ್ನ ಕರೆಯುವವರ ಸಾಲಿನಿಂದ ಕೊಂಡ ಮೇಲೆ ಪೇಡೆ ಕೊಡುವವರ ಸಾಲಿಗೆ ನನ್ನನ್ನು ಸೇರಿಸಿದ್ದಾಳೆ. ನಮ್ಮ ಮನೆಗೆ ಬರುವುದನ್ನೂ ಕಡಿಮೆ ಮಾಡಿದ್ದಾಳೆ. ಆದ್ದರಿಂದ ತಾವು ದಯಮಾಡಿ ಈ ಪತ್ರಿಕೆಯಲ್ಲಿ ನಾಲ್ಕು ಸಾಲು ಬರೆದು, ಆ ದಿನ ಐದರೊಳಗೆ ತಾವು ಖಂಡಿತ ಮರಳಿ ಕರೆದಿದ್ದಿರೆಂದೂ, ಭಾಗ್ಯನಗರದ ಸಿಗ್ನಲ್ ಕೈಕೊಟ್ಟಿದ್ದರಿಂದ ಕರೆ ಮುಟ್ಟಲಿಲ್ಲವೆಂದೂ ತಿಳಿಸಬೇಕು. ಅದು ನಿಜವಲ್ಲವೆಂದು ನನಗೂ ಗೊತ್ತು. ಸಿಗ್ನಲ್ ಆ ದಿನ ಮಾಳಿಗೆಯ ಮೇಲೆ ಪೂರ್ತಿ ಇತ್ತು.

ಇನ್ನೂ ಗೇಟಿನ ಹತ್ತಿರವೇ ನಿಂತಿರುವ,
ತಮ್ಮ ವಿಶ್ವಾಸಿ,
ಕೊಟ್ರಬಸಪ್ಪ
ಭಾಗ್ಯನಗರ

ತಾಜಾ ಕಲಂ: ಪತ್ರವನ್ನು ಕಳಿಸುವ ಮುನ್ನ, ಕನ್ನಡದ ತಪ್ಪುಗಳಿದ್ದರೆ ನೋಡಲೆಂಬ ನೆಪದಲ್ಲಿ ಲಲಿತಾಳಿಗೆ ಹೇಳಿ ಕಳಿಸಿದೆ. ಬಂದಳು, ನಿಂತುಕೊಂಡೇ ಓದಿದಳು, ಐದನೆಯ ಕುರ್ಚಿಯ ಹತ್ತಿರ ಸ್ವಲ್ಪ ನಕ್ಕಳು. ಓದಿ ಮುಗಿಸಿ ಹೇಳಿದ್ದನ್ನು ಇದ್ದಂತೆಯೇ ಬರೆಯುತ್ತೇನೆ: "ಅವರ ಕಡಿಂದ ಸುಳ್ಳು ಬರಸಬ್ಯಾಡ್ರಿ ಮಾಮಾ. ಕಾರು ಹೋತಂತ ನನಗ ಸಿಟ್ಟಿಲ್ಲ, ಇನ್ನೊಂದು ಬರತೈತಿ. ನನ್ನ ಫೋನ್ ತಗೊಂಡು ನಿಮ್ಮ ಕಿಸೇದಾಗ ಇಟ್ಕೊಂಡ್ರಿ. ನಾ ಕೇಳಿದ್ರೂ ಕೊಡಲಿಲ್ಲ. ಅದಕ್ಕ ಸಿಟ್ಟು." ಆದ್ದರಿಂದ ಮೇಲಿನ ಬೇಡಿಕೆಗಳನ್ನೆಲ್ಲ ಹಿಂದಕ್ಕೆ ಪಡೆದು ಒಂದೇ ಪ್ರಶ್ನೆಯನ್ನು ಉಳಿಸಿಕೊಂಡಿದ್ದೇನೆ. ಮುಂದಿನ ಭಾನುವಾರದೊಳಗೆ, ಇದೇ ಪತ್ರಿಕೆಯಲ್ಲಿ, ನಾಲ್ಕೂ ತಾಲ್ಲೂಕಿನವರು ಓದುವಂತೆ ದಪ್ಪ ಅಕ್ಷರಗಳಲ್ಲಿ ತಾವು ಉತ್ತರಿಸಬೇಕು: ಆ ದಿನ ಐದು ಗಂಟೆಯ ತನಕ ತಾವು ಕಾರನ್ನು ಹಿಡಿದಿಟ್ಟುಕೊಂಡು ಕಾಯುತ್ತಿದ್ದದ್ದು ಯಾರ ಮಾತಿಗಾಗಿ, ಕೊಳ್ಳುವವಳ ಮಾತಿಗಾಗಿಯೋ, ಅವಳ ಫೋನನ್ನು ಕಿಸೆಯಲ್ಲಿಟ್ಟುಕೊಂಡು ಮಾಳಿಗೆಯ ಮೇಲೆ ನಿಂತಿದ್ದವನ ಮಾತಿಗಾಗಿಯೋ?